ನೀರಿಗುಂಟು ಇಳಿಜಾರು, ನರನಿಗಿಲ್ಲ

ಹಂಪೆಯನ್ನು ಶಿಲಾನಗರವೆಂದು ಕೊಂಡಾಡುವವರು ಅದು ಕಾಲುವೆಗಳ ನಗರವೂ ಹೌದೆಂಬುದನ್ನು ಮರೆಯುವದುಂಟು. ತುಂಗಭದ್ರೆಯಿಂದ ತಿರುಗಿಸಿದ ತುರ್ತಾ ಕಾಲುವೆಯು ಬಂಡೆಗಳ ನಡುವೆ ದಾರಿ ಮಾಡಿಕೊಂಡು ಇಂದಿಗೂ ಬಾಳೆಯ ತೋಟಗಳಿಗೆ ನೀರುಣಿಸುತ್ತಿರುವದು. ವಿರೂಪಾಕ್ಷನ ಗುಡಿಯಲ್ಲಿ ನದಿಯ ನೀರು ಕಿರುಗಾಲುವೆಯಾಗಿ ಪಾಕಶಾಲೆಯವರೆಗೆ ಹರಿದುಬರುವಂತೆ ಹಿಂದಿನವರು ಏರ್ಪಡಿಸಿದ್ದರು. ಅರಮನೆಯ ಆವರಣದಲ್ಲಂತೂ ಕಲ್ಗಂಬಗಳ ಮೇಲೆ ಕಲ್ದೋಣಿಗಳನ್ನು ಸಾಲಾಗಿ ಜೋಡಿಸಿ, ಪುಷ್ಕರಣಿಯ ಬಾಯಿಯವರೆಗೆ ನೀರನ್ನು ಕೈಹಿಡಿದು ನಡೆಸಿದಂತೆ ನಡೆಸಿದ್ದಾರೆ. ನೀರು ಮೆಟ್ಟಿಲು ಹತ್ತಲಾರದೆಂಬುದು ಆ ಸ್ಥಪತಿಗಳಿಗೆ ಗೊತ್ತಿತ್ತು. ಹತ್ತಲಾರದುದಕ್ಕೆ ಇಳುಕಲನ್ನು ಮಾಡಿಕೊಡುವದು ಕಟ್ಟುವವನ ಹೊಣೆಯೆಂಬುದೂ ಗೊತ್ತಿತ್ತು. ಜಡವಾದ ನೀರಿಗೆ ದೊರೆತ ಈ ದಾಕ್ಷಿಣ್ಯವು ಕಾಲು ಬಾರದ ಮನುಷ್ಯನಿಗೆ ಇಂದು ದೊರೆಯದಿರುವದೇಕೆ?

ಬನಹಟ್ಟಿಯಲ್ಲಿ ನಾಲ್ವತ್ತು ವರ್ಷ ಕುಣಿಮಗ್ಗದಲ್ಲಿ ಕುಳಿತು ಮೊಣಕಾಲು ಸೋತ ನೇಕಾರನೊಬ್ಬನನ್ನು ಮಕ್ಕಳು ಗಾಲಿಕುರ್ಚಿಯೊಡನೆ ಹಂಪೆಗೆ ಕರೆದೊಯ್ದರೆಂದು ಇಟ್ಟುಕೊಳ್ಳಿರಿ. ಗೆಜ್ಜಲ ಮಂಟಪದಿಂದ ವಿಠ್ಠಲನ ಗುಡಿಯವರೆಗೆ ಸುಮಾರು ಒಂದು ಕಿಲೋಮೀಟರು ಬ್ಯಾಟರಿ ಬಂಡಿಗಳು ಓಡಾಡುವವು. ಇದು ಮೆಚ್ಚತಕ್ಕ ಮಾತು. ಆದರೆ ಆ ಬಂಡಿಯನ್ನೇರುವದೇ ಒಂದು ಸಾಹಸ. ಇಳಿದ ಮೇಲೆ ಮಹಾದ್ವಾರದ ಹೊಸ್ತಿಲು, ಒಳಗೆ ಏರುತಗ್ಗಿನ ಹಾಸುಗಲ್ಲು, ಅದರಾಚೆ ಮಹಾಮಂಟಪದ ಎತ್ತರವಾದ ಜಗತಿ. ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆ 2017ರಿಂದ ಅಲ್ಲಿಯ ಕಲ್ಲಿನ ರಥ ಅಚ್ಚಾಗಿದೆ. ರಥವು ನೇಕಾರನ ಕಿಸೆಯವರೆಗೆ ಬಂದಿತು. ನೇಕಾರನು ರಥದವರೆಗೆ ಹೋಗುವದೇ ದುಸ್ತರ. ಅಲ್ಲೊಂದು ಇಲ್ಲೊಂದು ಇಳಿಜಾರು ಕಟ್ಟಿಸಿ ಕೈತೊಳೆದುಕೊಂಡರೆ ಸಾಲದು. ನಡುವೆ ಒಡೆದ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದೆಂಬುದನ್ನು ಘಟಪ್ರಭೆಯ ಕಾಲುವೆಯನ್ನು ನಂಬಿದ ಮುಧೋಳದ ಒಕ್ಕಲಿಗರಿಗೆ ತಿಳಿಹೇಳಬೇಕಾಗಿಲ್ಲ.

ಮಕ್ಕಳು ಹೆಗಲ ಮೇಲೆ ಹೊತ್ತುಕೊಂಡು ಹೋಗಲಿ, ಅದೇ ಧರ್ಮ ಎನ್ನುವ ಪಂಡಿತರುಂಟು. ಕುಂಟನು ಕುರುಡನ ಹೆಗಲೇರುವ ಅಂಧಪಂಗುನ್ಯಾಯವು ಸಾಂಖ್ಯರು ಪ್ರಕೃತಿ ಪುರುಷರ ಸಂಬಂಧವನ್ನು ವಿವರಿಸಲು ಹೇಳಿದ ದೃಷ್ಟಾಂತವೇ ಹೊರತು ಯಾತ್ರಿಕರ ವ್ಯವಸ್ಥೆಯಲ್ಲ. ಹತ್ತು ಜನರ ಕಣ್ಣೆದುರು ಮೂಟೆಯಂತೆ ಎತ್ತಿಸಿಕೊಳ್ಳುವ ಹಿರಿಯನ ಮುಖವನ್ನು ಒಮ್ಮೆ ನೋಡಿದವರು ಆ ಮಾತನ್ನು ಮತ್ತೆ ಆಡಲಾರರು. ಅಷ್ಟಾವಕ್ರನನ್ನು ಜನಕನ ದ್ವಾರಪಾಲನು ತಡೆದದ್ದು ಬಾಲಕನೆಂದು, ಮೈ ವಕ್ರವೆಂದಲ್ಲ. ಅವನೊಡನೆ ವಾದಿಸಿ ಗೆದ್ದು ಒಳಹೋಗಲು ಸಾಧ್ಯವಾಯಿತು. ಹಂಪೆಯಲ್ಲಿ ತಡೆಯುವದು ಮೆಟ್ಟಿಲು. ಅದರೊಡನೆ ವಾದಿಸುವ ಬಗೆ ಯಾವ ಶಾಸ್ತ್ರದಲ್ಲಿದೆ?

ಇಳಿಜಾರು ಕಟ್ಟಿದರೆ ಪ್ರಾಚೀನ ಶಿಲ್ಪ ಕೆಡುವದೆಂಬುದು ಇನ್ನೊಂದು ಆಕ್ಷೇಪ. ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ, ಬೇಕೆಂದಾಗ ತೆಗೆದಿಡಬಹುದಾದ ಮರದ ಇಳಿಜಾರನ್ನು ಊರಿನ ಬಡಗಿಯೇ ಮಾಡಬಲ್ಲನು. ಒಂದಡಿ ಏರಿಗೆ ಹನ್ನೆರಡಡಿ ಉದ್ದವೆಂಬ ಲೆಕ್ಕವಷ್ಟೇ ಅದಕ್ಕೆ ಬೇಕು. ನಾನೂರಕ್ಕೂ ಹೆಚ್ಚು ಸೇತುವೆಗಳುಳ್ಳ ವೆನಿಸ್ ನಗರದಲ್ಲಿ ಕೆಲವು ಸೇತುವೆಗಳಿಗೆ ಇಳಿಜಾರು ಜೋಡಿಸಿದ್ದಾರೆ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡಕ್ಕೆ 2020ರಲ್ಲಿ ಹೊಸ ಲಿಫ್ಟು ಬಂದಿತು. ಅದರಿಂದ ಪಾರ್ಥೆನಾನ್ ಗುಡಿಯ ಘನತೆ ಕುಂದಿದಂತೆ ಕಾಣುವದಿಲ್ಲ.

ಇದು ದಯೆಯ ಯಾಚನೆಯೂ ಅಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ಅವರ ಹಕ್ಕುಗಳ ಕಾಯಿದೆ 2016ರಲ್ಲಿ, ಅದರ ನಿಯಮಗಳು 2017ರಲ್ಲಿ ಬಂದವು. ಇದ್ದ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು ಅಪ್ಪಣೆಯಾಗಿತ್ತು. ಆ ಗಡುವು 2022ರಲ್ಲಿಯೇ ತೀರಿತು. 2024ರ ನವೆಂಬರದಲ್ಲಿ ಸುಪ್ರೀಮ್ ಕೋರ್ಟು ಈ ವಿಷಯದ ನಿಯಮಗಳು ಕೇವಲ ಸೂಚನೆಗಳಾಗಿರದೆ ಕಡ್ಡಾಯವಾಗಿರತಕ್ಕವೆಂದು ತೀರ್ಪಿತ್ತಿತು. ಇನ್ನು ಉಳಿದದ್ದು ಹಣವಿಲ್ಲವೆಂಬ ನೆವ. ಚಿಕ್ಕಪಡಸಲಗಿಯ ಹತ್ತಿರ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಹೊತ್ತು 1989ರಲ್ಲಿ ಕೃಷ್ಣೆಗೆ ಒಡ್ಡು ಕಟ್ಟಿದ್ದನ್ನು ಕಂಡ ಜಮಖಂಡಿ ಸೀಮೆಯವರೆದುರು ಈ ನೆವ ನಿಲ್ಲದು.

ಕಣ್ಣಿಲ್ಲದವರ ಪಾಡನ್ನಂತೂ ಯಾರೂ ಎತ್ತುವದೇ ಇಲ್ಲ. ವಿಠ್ಠಲನ ಗುಡಿಯ ಸಂಗೀತದ ಕಂಬಗಳನ್ನು ಬಡಿಯಬಾರದೆಂಬ ನಿಷೇಧ ನ್ಯಾಯವಾದದ್ದೇ, ಕಂಬ ಉಳಿಯಬೇಕು. ಆದರೆ ಕಣ್ಣುಳ್ಳವನು ನೋಡಿಯಾದರೂ ತಣಿಯುವನು. ಅಂಧನಿಗೆ ನೋಟವೂ ಇಲ್ಲ, ನಾದವೂ ಇಲ್ಲ. ಅಂಥದೇ ಕಲ್ಲಿನಲ್ಲಿ ಒಂದು ಮಾದರಿಯ ಕಂಬವನ್ನು ಕೆತ್ತಿಸಿ, ಮುಟ್ಟಲಿಕ್ಕೂ ತಟ್ಟಲಿಕ್ಕೂ ಬರುವಂತೆ ಪ್ರಾಕಾರದ ಹೊರಗೆ ನಿಲ್ಲಿಸಲಿಕ್ಕೆ ಒಬ್ಬ ಶಿಲ್ಪಿಯ ಕೆಲವು ತಿಂಗಳ ಕೂಲಿ ಸಾಕು.