ಧ್ವನಿ ಕುಂದಿದ ವೀಡಿಯೋ ಕ್ಯಾಸೆಟ್ಟು

ಮದುವೆ ಮುಂಜಿಗಳ ಹಳೆಯ ಕ್ಯಾಸೆಟ್ಟುಗಳಲ್ಲಿ ಚಿತ್ರವು ಕಂಡರೂ ಧ್ವನಿಯು ಕೇಳದೆಂದು ಗೃಹಸ್ಥರು ಮರುಗುವುದುಂಟು. ಸಾಮಾನ್ಯ ವಿ.ಎಚ್.ಎಸ್. ಯಂತ್ರದಲ್ಲಿ ಚಿತ್ರವನ್ನು ಗ್ರಹಿಸತಕ್ಕದ್ದು ಸುತ್ತುವ ಡ್ರಮ್. ಧ್ವನಿಯನ್ನು ಗ್ರಹಿಸತಕ್ಕದ್ದು ಟೇಪಿನ ಅಂಚಿಗೆ ತಾಗಿ ನಿಂತಿರುವ ಬೇರೊಂದು ಹೆಡ್ಡು. ಆದಕಾರಣ ಒಂದು ಕೆಟ್ಟರೂ ಇನ್ನೊಂದು ನಡೆದೀತು.

ಮೊದಲು ಧ್ವನಿಯ ಕೆಂಪು, ಬಿಳಿ ತಂತಿಗಳನ್ನು ನೋಡತಕ್ಕದ್ದು. ಹಳದಿಯದು ಚಿತ್ರಕ್ಕೆ ಮಾತ್ರ. ಬಳಿಕ ಬೇರೊಂದು ಕ್ಯಾಸೆಟ್ಟನ್ನು ಹಾಕಬೇಕು. ಅದೂ ಮೂಕವಾದರೆ, ವಿದ್ಯುತ್ತನ್ನು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಧ್ವನಿಯ ಹೆಡ್ಡನ್ನು ಮೆಲ್ಲನೆ ಒರಸತಕ್ಕದ್ದು, ಡ್ರಮ್ಮನ್ನು ಮುಟ್ಟಲಾಗದು. ಅದು ಚೆನ್ನಾಗಿ ನುಡಿದರೆ, ಮೊದಲಿನ ಕ್ಯಾಸೆಟ್ಟನ್ನು ಬೇರೆ ಯಂತ್ರದಲ್ಲಿ ಪರೀಕ್ಷಿಸಬೇಕು. ಹೆಡ್ಡಿನ ಓರೆ ಹೊಂದದಿದ್ದರೆ ಮಾತು ಮಬ್ಬಾಗುವುದುಂಟು.

ಈ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯು 2016ರಲ್ಲಿ ಅದನ್ನು ನಿಲ್ಲಿಸಿತು. ಗತಿಸಿದ ಹಿರಿಯರ ಮುಖವು ಭಾವಚಿತ್ರಗಳಲ್ಲಿ ಉಳಿದೀತು, ಕಂಠವು ಉಳಿಯದು. ಆದುದರಿಂದ ಧ್ವನಿಯು ಮರಳಿದ ದಿನವೇ ಗಣಕಯಂತ್ರಕ್ಕೆ ಪ್ರತಿ ಮಾಡಿಕೊಳ್ಳುವುದು ವಿಹಿತವೆಂದು ನಾವು ಭಾವಿಸುತ್ತೇವೆ.