ಹಾಡಿನಲ್ಲಿ ಮರೆಯಾದ ತಾಯಿ

ರನ್ನ ಬೆಳಗಲಿ ಎಂದೊಡನೆ ಸಹೃದಯರಿಗೆ ‘ಗದಾಯುದ್ಧ’ ನೆನಪಾಗುತ್ತದೆ. ಹತ್ತನೆಯ ಶತಮಾನದ ರನ್ನನು ಕುರುಕ್ಷೇತ್ರದ ಭೀಮನಲ್ಲಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಕಂಡನು. ದೂರದ ಕಥೆಯನ್ನು ಕನ್ನಡದ ಅಂಗಳಕ್ಕೆ ತಂದನು.

ಕವಿಗಳಿಗೆ ಈ ಸ್ವಾತಂತ್ರ್ಯ ಎಲ್ಲ ನಾಡುಗಳಲ್ಲಿಯೂ ಉಂಟು. ಇಂಗ್ಲೆಂಡಿನ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿಯ ಕ್ರಿಸ್‌ಮಸ್ ಕವಿತೆಯೊಂದು 1872ರಲ್ಲಿ ಅಮೆರಿಕದ ಸಚಿತ್ರ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಯೇಸು ಹುಟ್ಟಿದ್ದು ಬೆತ್ಲೆಹೇಮಿನಲ್ಲಿ. ಆದರೆ ಈ ಕವಿತೆಯಲ್ಲಿ ಅವನನ್ನು ಎದುರುಗೊಳ್ಳುವುದು ಹಿಮ ಸುರಿಯುವ ಇಂಗ್ಲಿಷ್ ಚಳಿಗಾಲ.

ಆ ಕವಿತೆಗೆ ದೊರೆತ ಎರಡು ಧಾಟಿಗಳು ಇಂದಿಗೂ ಪ್ರಸಿದ್ಧವಾಗಿವೆ. ಮೊದಲನೆಯದು 1906ರಲ್ಲಿ ಗುಸ್ತಾವ್ ಹೋಲ್ಸ್ಟನು ಕೊಟ್ಟದ್ದು. ಋಗ್ವೇದದ ಸೂಕ್ತಗಳನ್ನು ತಾನೇ ಅನುವಾದಿಸಿ ಹಾಡಾಗಿಸುವುದಕ್ಕಾಗಿ ಸಂಸ್ಕೃತವನ್ನು ಕಲಿತವನೀತ! ಚರ್ಚಿಗೆ ಬಂದ ಜನರೆಲ್ಲರೂ ಕೂಡಿ ಹಾಡಬಹುದಾದ ಸರಳ ಧಾಟಿ ಅದು. ಮುಂದೆ ಐದಾರು ವರ್ಷಗಳೊಳಗೆ ಹೆರಾಲ್ಡ್ ಡಾರ್ಕ್ ಎಂಬ ತರುಣನು ಅದೇ ಕವಿತೆಯನ್ನು ನುರಿತ ಮೇಳಗಾಯಕರಿಗಾಗಿ ಸಂಯೋಜಿಸಿದನು. ಮೊದಲ ನುಡಿಗೆ ಒಂಟಿ ಸ್ತ್ರೀಕಂಠ. ಆಮೇಲೆ ಸ್ತ್ರೀಪುರುಷ ಕಂಠಗಳು ಬೆರೆಯುವ ಮೇಳ. 2008ರಲ್ಲಿ ಬಿಬಿಸಿಯ ಸಂಗೀತ ಪತ್ರಿಕೆಯೊಂದು ಮೇಳಗಾಯನದ ನುರಿತವರನ್ನು ಕೇಳಿದಾಗ, ಕ್ರಿಸ್‌ಮಸ್ ಗೀತೆಗಳಲ್ಲೆಲ್ಲ ಡಾರ್ಕನದೇ ಶ್ರೇಷ್ಠವೆಂದು ಅವರು ಆರಿಸಿದರು.

ಆದರೆ ಇಷ್ಟು ಸೊಗಸಾದ ಹಾಡಿನಲ್ಲಿ ಒಂದು ನಷ್ಟವೂ ಅಡಗಿತ್ತು. ದೇವದೂತರು ಪೂಜಿಸುವ ಶಿಶುವಿಗೆ ತಾಯಿಯ ಮೊಲೆಹಾಲೇ ಸಾಕಾಯಿತೆಂದು ಕವಯಿತ್ರಿ ಹೇಳಿದ್ದಳು. ಡಾರ್ಕನ ಹಾಡಿನಲ್ಲಿ ಹಾಲು ಹೋಗಿ ಹೃದಯದ ಸಂತೋಷ ಬಂದಿತು. ತಾಯಿ ಮುತ್ತಿಟ್ಟು ಮಗುವನ್ನು ಆರಾಧಿಸುವ ನಾಲ್ಕನೆಯ ನುಡಿಯಂತೂ ಪೂರ್ತಿ ಬಿಟ್ಟುಹೋಯಿತು. ಹಾಲೂ ಇಲ್ಲ, ಮುತ್ತೂ ಇಲ್ಲ. ಮಗುವಿನ ಹುಟ್ಟನ್ನು ಹಾಡುವ ಗೀತೆಯಲ್ಲಿ ಹೆತ್ತವಳೇ ಮರೆಯಾದಳು! ಮುಂದಿನ ಮುದ್ರಣಗಳಲ್ಲಿ ಹಾಲಿನ ಮಾತು ಮರಳಿ ಬಂದುದು ಸಮಾಧಾನದ ಸಂಗತಿ. ಮಗುವಿಗೆ ಮೊಲೆಯೂಡುವ ತಾಯಿಯನ್ನು ಜೋಗುಳದಲ್ಲಿ ಹಾಡುತ್ತ ಬಂದ ನಮ್ಮ ಹೆಣ್ಣುಮಕ್ಕಳಿಗೆ ಈ ಸಂಕೋಚ ವಿಚಿತ್ರವೆನಿಸೀತು.

ಹಾಗೆಂದು ನಾವು ನಗುವಂತಿಲ್ಲ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾದ ಮೇಲೆ, ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರದೋ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರಕಾರವು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಮಾಡಿತು. ಭಾವಗೀತೆಗಳ ಗಾಯನದಲ್ಲಿಯೂ ಹೊತ್ತಿಲ್ಲವೆಂದು ನಡುವಿನ ನುಡಿಯನ್ನು ಹಾರಿಸುವುದು ಅಪರೂಪವೇನಲ್ಲ.

ಧಾಟಿ ಎರಡಿರಲಿ, ಹತ್ತಿರಲಿ. ಅದರಿಂದ ಕವಿತೆ ಬೆಳೆಯುತ್ತದೆಯೇ ಹೊರತು ಸವೆಯುವುದಿಲ್ಲ. ನುಡಿಯನ್ನು ಕತ್ತರಿಸಿದಾಗ ಮಾತ್ರ ಅದು ಬಡವಾಗುತ್ತದೆ. ಆದುದರಿಂದ ಹಾಡು ಕಿವಿಗೆ ಇಂಪಾದಾಗಲೆಲ್ಲ ಮೂಲ ಕವಿತೆಯನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಬಿಟ್ಟುಹೋದ ನುಡಿಯಲ್ಲಿ ಯಾವ ತಾಯಿ ಕಾದು ನಿಂತಿರುವಳೋ ಯಾರು ಬಲ್ಲರು?