‘ನಿನಿ’ ಎಂದು ನಗುವ ಮುನ್ನ

ಸೋಮಾರಿಗಳನ್ನು ಛೇಡಿಸುವುದರಲ್ಲಿ ಸ್ಪ್ಯಾನಿಷ್ ಭಾಷೆಗೆ ಸೋಮಾರಿತನವೇ ಇಲ್ಲ. ಕೂತು ಉಣ್ಣುವವನನ್ನು ‘ಸಾಂಗನೊ’ ಎನ್ನುತ್ತಾರೆ. ಅದರ ಮೂಲ ಅರ್ಥ ಗಂಡು ಜೇನು: ಹೆಣ್ಣು ಜೇನುಗಳು ದುಡಿದು ಕೂಡಿಟ್ಟ ತುಪ್ಪ ತಿಂದುಕೊಂಡು ಇರುವಂಥದ್ದು. ‘ಪೆರೆಸೋಸೊ’ ಎಂದರೆ ಸೋಮಾರಿ. ಮರಕ್ಕೆ ತಲೆಕೆಳಗಾಗಿ ಜೋತುಬೀಳುವ ಸ್ಲಾತ್ ಪ್ರಾಣಿಗೂ ಅದೇ ಹೆಸರು. ಕೆಲಸದ ಹೊತ್ತಿಗೆ ಸರಿಯಾಗಿ ಕಾಲೆಳೆಯುವವನು ‘ರೆಮೊಲೋನ್’, ನಮ್ಮ ಮೈಗಳ್ಳನ ಹತ್ತಿರದ ನೆಂಟ.

ಇಲ್ಲಿಯವರೆಗೆ ನಗಬಹುದು. ಆದರೆ ‘ನಿನಿ’ ಎಂಬ ಇನ್ನೊಂದು ಪದವಿದೆ. ಕೇಳಲು ಮಗುವಿನ ಮುದ್ದು ಹೆಸರಿನಂತಿದ್ದರೂ, ‘ಓದುವುದೂ ಇಲ್ಲ, ದುಡಿಯುವುದೂ ಇಲ್ಲ’ ಎಂಬ ಮಾತಿನ ಚುಟುಕು ರೂಪವದು. ಯುವಜನರನ್ನು ಹಂಗಿಸಲು ಬಳಕೆಯಾಗುತ್ತದೆ.

2013ರಲ್ಲಿ ಸ್ಪೇನ್‌ನಲ್ಲಿ ದುಡಿಯಲು ಸಿದ್ಧರಿದ್ದ 25ರೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವೇ ಇರಲಿಲ್ಲ. ಅಷ್ಟು ಜನ ಒಮ್ಮೆಲೇ ಸೋಮಾರಿಗಳಾದರೇ? ಕುಸಿದದ್ದು ಆರ್ಥಿಕತೆ, ಹೆಸರು ಕೆಟ್ಟದ್ದು ಹುಡುಗರದು. ಲ್ಯಾಟಿನ್ ಅಮೆರಿಕದಲ್ಲಿ ಸುಮಾರು 2 ಕೋಟಿ ‘ನಿನಿ’ಗಳಿದ್ದಾರೆಂದು ವಿಶ್ವಬ್ಯಾಂಕ್ 2016ರಲ್ಲಿ ಹೇಳಿತು. ಅವರಲ್ಲಿ ಮೂರನೇ ಎರಡು ಭಾಗ ಹೆಣ್ಣುಮಕ್ಕಳು. ಅಡುಗೆ, ಮುಸುರೆ, ಮಕ್ಕಳ ಆರೈಕೆಯಲ್ಲಿ ದಿನವಿಡೀ ದುಡಿದರೂ ಸಂಬಳವಿಲ್ಲದ ಕಾರಣ ಅದು ಕೆಲಸದ ಲೆಕ್ಕಕ್ಕೇ ಬರುವುದಿಲ್ಲ!

ಬಿ.ಇ. ಮುಗಿಸಿ ಕೆಲಸಕ್ಕಾಗಿ ಅಲೆಯುವವರಿಗೆ ‘ಇನ್ನೂ ಮನೆಯಲ್ಲೇ ಇದ್ದೀಯಾ?’ ಎಂಬ ಪ್ರಶ್ನೆ ನಮ್ಮಲ್ಲೂ ಹೊಸದಲ್ಲ. ತಮಾಷೆಯೇ ಬೇಡ ಎಂದಲ್ಲ. ಹೊತ್ತೇರಿದರೂ ಹಾಸಿಗೆ ಬಿಡದ ಗೆಳೆಯನನ್ನು ಧಾರಾಳವಾಗಿ ‘ಸಾಂಗನೊ’ ಎಂದು ಕಾಡಿಸೋಣ. ಕೆಲಸ ಮಾಡದವನಿಗೂ ಕೆಲಸ ಸಿಗದವನಿಗೂ ಒಂದೇ ಹೆಸರಿಡುವುದು ಮಾತ್ರ ಬೇಡ. ಹಾಗೆ ಹೆಸರಿಟ್ಟು ಸುಮ್ಮನಾಗುವ ಸಮಾಜವೇ ನಿಜವಾದ ಮೈಗಳ್ಳ.